ಲೇಥ್ ಮೆಷಿನ್‌ಗೆ ಆಯಿಲ್: ಯಾವುದು, ಎಲ್ಲಿ, ಎಷ್ಟು, ಯಾವಾಗ

ಬೆಂಗಳೂರಿನ ಪೀಣ್ಯದಲ್ಲೋ ಕಾಮಾಕ್ಷಿಪಾಳ್ಯದಲ್ಲೋ ಒಂದು ಶೆಡ್ ಹಿಡಿದು, ಸೆಕೆಂಡ್ ಹ್ಯಾಂಡ್ ಲೇಥ್ (ಲೋಹದ ತುಂಡನ್ನು ತಿರುಗಿಸುತ್ತಾ ಟೂಲ್‌ನಿಂದ ಕಡಿಯುವ ಮೆಷಿನ್) ತಂದು ಕೂರಿಸಿದವರು ಮೊದಲು ಕೇಳುವ ಪ್ರಶ್ನೆ: “ಯಾವ ಆಯಿಲ್ ಹಾಕಬೇಕು?” ಆರು ತಿಂಗಳಾದ ಮೇಲೆ ಅವರೇ ಮತ್ತೆ ಕೇಳುತ್ತಾರೆ: “ಆಯಿಲ್ ಹಾಕ್ತಾನೇ ಇದ್ದೀವಿ, ಆದರೂ ಹೆಡ್‌ಸ್ಟಾಕ್ ಮೇಲೆ ಕೈ ಇಡೋಕಾಗಲ್ಲ, ಸ್ಯಾಡಲ್ ಎಳೆಯೋಕೆ ಎರಡು ಕೈ ಬೇಕು. ಯಾಕೆ?”

ಹೆಡ್‌ಸ್ಟಾಕ್ ಎಂದರೆ ಎಡಗಡೆಯ ಗೇರ್ ಪೆಟ್ಟಿಗೆ, ಕೆಲಸದ ತುಂಡನ್ನು ತಿರುಗಿಸುವ ಸ್ಪಿಂಡಲ್ ಇರುವುದು ಅದರಲ್ಲೇ. ಬೆಡ್ ಎಂದರೆ ಮೆಷಿನ್ ಉದ್ದಕ್ಕೂ ಇರುವ ಹಳಿ, ಅದರ ಮೇಲೆ ಟೂಲ್ ಹೊತ್ತು ಜಾರುವುದು ಸ್ಯಾಡಲ್. ಎರಡು ಪ್ರಶ್ನೆಗೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ಮೊದಲ ಪ್ರಶ್ನೆಗೆ ಉತ್ತರ ಸುಲಭ, ಅಂಗಡಿಯವರೂ ಹೇಳುತ್ತಾರೆ. ಎರಡನೆಯದಕ್ಕೆ ಮೆಷಿನ್ ಹತ್ತಿರ ಬಗ್ಗಿ ನೋಡಬೇಕು. ಕ್ಯಾನ್‌ನಿಂದ ಹೊರಟ ಆಯಿಲ್ ಬೇರಿಂಗ್‌ಗೆ, ನಟ್‌ಗೆ, ಬೆಡ್‌ಗೆ ತಲುಪಿತೇ ಎಂದು ಯಾರೂ ನೋಡಿರುವುದಿಲ್ಲ. ನಾನು ಕಂಡ ಹಾಳಾದ ಲೇಥ್‌ಗಳಲ್ಲಿ ಹೆಚ್ಚಿನವು ಆಯಿಲ್ ಕೊಳ್ಳದ ಶೆಡ್‌ಗಳಲ್ಲಿ ಇರಲಿಲ್ಲ. ಆಯಿಲ್ ಕೊಂಡು, ಹಾಕಿ, ದಾರಿ ಕಟ್ಟಿಕೊಂಡದ್ದು ಗೊತ್ತಾಗದ ಶೆಡ್‌ಗಳಲ್ಲಿದ್ದವು.

ಇಲ್ಲಿ ಹೇಳುವುದು ಮುಖ್ಯವಾಗಿ ಗೇರ್ ಹೆಡ್ ಇರುವ ಸಾಮಾನ್ಯ ಸೆಂಟರ್ ಲೇಥ್‌ಗೆ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿಯ ಲೇಥ್, ಹರಿಹರದ ಮೈಸೂರು ಕಿರ್ಲೋಸ್ಕರ್ ಲೇಥ್, ಬಟಾಲಾ ಅಥವಾ ರಾಜಕೋಟ್‌ನಿಂದ ಬಂದ ಲೇಥ್, ಎಲ್ಲದರ ಒಳಗಿನ ತತ್ವ ಹೆಚ್ಚುಕಡಿಮೆ ಒಂದೇ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ಬಗ್ಗೆ ಕೊನೆಗೆ ಪ್ರತ್ಯೇಕವಾಗಿ ಬರೆದಿದ್ದೇನೆ.

ಬೇಕಾದ ಸಾಮಾನು

ಉದ್ದ ಮೂತಿಯ ಆಯಿಲ್ ಕ್ಯಾನ್ ಒಂದು, ಒತ್ತಿ ತುಂಬುವ ಆಯಿಲ್ ಗನ್ ಒಂದು. ಎರಡೂ ಬೇಕು. ಗುಂಡು ಮುಚ್ಚಳದ ನಿಪ್ಪಲ್‌ಗೆ (ಸ್ಪ್ರಿಂಗ್ ಮೇಲೆ ಕೂತ ಸಣ್ಣ ಉಕ್ಕಿನ ಗುಂಡು ಇರುವ ಆಯಿಲ್ ತೂತಿಗೆ) ಕ್ಯಾನ್ ಮೂತಿ ಇಟ್ಟು ಒತ್ತಿದರೆ ಅರ್ಧ ಹೊರಗೇ ಚೆಲ್ಲುತ್ತದೆ. ಗನ್‌ನ ಮೂತಿ ನಿಪ್ಪಲ್ ಮೇಲೆ ಗಟ್ಟಿಯಾಗಿ ಕೂತು ಒತ್ತಡ ಕೊಟ್ಟಾಗಲೇ ಆಯಿಲ್ ಒಳಗೆ ಇಳಿಯುವುದು.

ಒರೆಸಲು ಬನಿಯನ್ ಬಟ್ಟೆ ತಂದುಕೊಳ್ಳಿ, ಕಾಟನ್ ವೇಸ್ಟ್ ಬೇಡ. ಕಾಟನ್ ವೇಸ್ಟ್‌ನ ಎಳೆಗಳು ಹೆಡ್‌ಸ್ಟಾಕ್ ಒಳಗೆ ಬಿದ್ದರೆ ನೇರ ಹೋಗಿ ಪಂಪಿನ ಜಾಲರಿಗೆ ಸುತ್ತಿಕೊಳ್ಳುತ್ತವೆ. ಜೊತೆಗೆ ಎರಡಿಂಚಿನ ಬ್ರಷ್, ಒಳ್ಳೆಯ ಟಾರ್ಚ್, ಒಂದು ಮ್ಯಾಗ್ನೆಟ್, ಹಳೆ ಆಯಿಲ್ ಹಿಡಿಯಲು ಅಗಲ ಟ್ರೇ, ಜಾಲರಿ ಇರುವ ಫನಲ್, ಒಂದು ಮಾರ್ಕರ್ ಪೆನ್. ನೆಲದ ಮೇಲೆ ಚೆಲ್ಲಿದ್ದಕ್ಕೆ ಒಂದು ಬಕೆಟ್ ಮರದ ಹೊಟ್ಟು.

ಯಾವ ಆಯಿಲ್

ಮೊದಲು ಹೆಡ್‌ಸ್ಟಾಕ್ ಪಕ್ಕದಲ್ಲೋ ಹಿಂಬದಿಯಲ್ಲೋ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ತಗಡಿನ ಆಯಿಲ್ ಚಾರ್ಟ್ ಇದೆಯೇ ಹುಡುಕಿ. ಬಣ್ಣದ ಕೆಳಗೆ ಮುಚ್ಚಿಹೋಗಿರಬಹುದು, ಥಿನ್ನರ್ ಹಚ್ಚಿ ಮೆಲ್ಲಗೆ ಒರೆಸಿದರೆ ಅಕ್ಷರ ಕಾಣುತ್ತವೆ. ಅದರಲ್ಲಿ ಏನು ಬರೆದಿದೆಯೋ ಅದೇ ಕೊನೆಯ ಮಾತು, ನನ್ನ ಲೇಖನಕ್ಕಿಂತ ಅದಕ್ಕೆ ಬೆಲೆ ಕೊಡಿ.

ಚಾರ್ಟ್ ಸಿಗದಿದ್ದರೆ ‘ವಿಜಿ’ ಸಂಖ್ಯೆ ಅರ್ಥ ಮಾಡಿಕೊಳ್ಳಬೇಕು. ವಿಜಿ ಎಂದರೆ ವಿಸ್ಕಾಸಿಟಿ ಗ್ರೇಡ್. ಆಯಿಲ್ ಎಷ್ಟು ಮಂದ, ಎಷ್ಟು ತೆಳು ಎಂಬುದರ ಅಳತೆ ಅದು. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಆಯಿಲ್‌ನ ವಿಸ್ಕಾಸಿಟಿ ಎಷ್ಟು ಸೆಂಟಿಸ್ಟೋಕ್ (ವಿಸ್ಕಾಸಿಟಿ ಅಳೆಯುವ ಮಾನ) ಎಂಬುದನ್ನೇ ಆ ಸಂಖ್ಯೆ ಹೇಳುತ್ತದೆ, ಹತ್ತು ಪರ್ಸೆಂಟ್ ಆಚೀಚೆ. ವಿಜಿ 68 ಎಂದು ಬರೆದ ಡಬ್ಬದಲ್ಲಿ 61.2ರಿಂದ 74.8ರವರೆಗೆ ಇರಬಹುದು. ಸಂಖ್ಯೆ ಹೆಚ್ಚಾದಷ್ಟು ಮಂದ.

ಹೆಡ್‌ಸ್ಟಾಕ್‌ಗೆ ಸಾಮಾನ್ಯವಾಗಿ ವಿಜಿ 32ರಿಂದ 68ರ ನಡುವಿನ ಹೈಡ್ರಾಲಿಕ್ ಅಥವಾ ಸ್ಪಿಂಡಲ್-ಗೇರ್ ಆಯಿಲ್ ನಡೆಯುತ್ತದೆ. ಹೆಚ್ಚು ಆರ್‌ಪಿಎಂನಲ್ಲಿ ಓಡಿಸುವ ಮೆಷಿನ್‌ಗೆ ತೆಳುವಾದದ್ದು, ನಿಧಾನಕ್ಕೆ ದಪ್ಪ ಕಟ್ ತೆಗೆಯುವ ಹಳೆಯ ಮೆಷಿನ್‌ಗೆ 68. ಬೆಡ್‌ಗೆ, ಕ್ರಾಸ್ ಸ್ಲೈಡ್‌ಗೆ (ಸ್ಯಾಡಲ್ ಮೇಲೆ ಅಡ್ಡಡ್ಡ ಜಾರುವ ಭಾಗಕ್ಕೆ) ‘ವೇ ಆಯಿಲ್’ ವಿಜಿ 68. ವೇ ಆಯಿಲ್ ಎಂದರೆ ಜಾರುವ ಮೇಲ್ಮೈಗೆಂದೇ ಮಾಡಿದ, ಸ್ವಲ್ಪ ಅಂಟುಗುಣ ಸೇರಿಸಿದ ಆಯಿಲ್. ಬೆರಳಿಗೆ ಹಚ್ಚಿ ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಎಳೆ ಎದ್ದಂತೆ ಕಾಣುತ್ತದೆ. ಕೂಲಂಟ್ (ಕಟ್ ತೆಗೆಯುವಾಗ ತಂಪಾಗಿಡಲು ಸುರಿಯುವ ನೀರು ಬೆರೆತ ದ್ರವ) ಬಿದ್ದರೂ ಬೇಗ ತೊಳೆದುಹೋಗುವುದಿಲ್ಲ, ಸ್ಯಾಡಲ್ ನಿಂತು-ಎಗರಿ-ನಿಂತು ಓಡುವುದನ್ನೂ ತಡೆಯುತ್ತದೆ. ಬಜೆಟ್ ಬಿಗಿ ಇದ್ದರೆ ಒಂದು ವಿಷಯದಲ್ಲಿ ಮಾತ್ರ ಕೈ ಹಿಡಿಯಬೇಡಿ, ಅದು ವೇ ಆಯಿಲ್. ಬೆಡ್ ಸವೆದರೆ ಮತ್ತೆ ಗ್ರೈಂಡಿಂಗ್, ಸ್ಕ್ರೇಪಿಂಗ್ ಮಾಡಿಸುವ ಖರ್ಚಿನಲ್ಲಿ ಎಷ್ಟೋ ವರ್ಷದ ವೇ ಆಯಿಲ್ ಬರುತ್ತದೆ.

ಬೆಂಗಳೂರಿನ ಹವೆಗೆ ಚಳಿಗಾಲಕ್ಕೊಂದು, ಬೇಸಿಗೆಗೊಂದು ಆಯಿಲ್ ಬೇಕಿಲ್ಲ. ಜನವರಿಯ ಬೆಳಗ್ಗೆ 15 ಡಿಗ್ರಿ ಆಸುಪಾಸು, ಏಪ್ರಿಲ್ ಮಧ್ಯಾಹ್ನ 34 ಆಸುಪಾಸು. ಈ ಅಂತರವನ್ನು ಒಂದೇ ಗ್ರೇಡ್ ತಡೆದುಕೊಳ್ಳುತ್ತದೆ. ಚಳಿಯ ಬೆಳಗ್ಗೆ ಐದು ನಿಮಿಷ ನಿಧಾನ ಸ್ಪೀಡಿನಲ್ಲಿ ಓಡಿಸಿ ಕೆಲಸ ಶುರು ಮಾಡಿದರೆ ಸಾಕು.

ಇನ್ನು ಹಾಕಬಾರದ್ದು. ಇಲ್ಲಿ ಸ್ವಲ್ಪ ನಿಂತು ಓದಿ.

ಬೈಕ್, ಕಾರಿನ ಎಂಜಿನ್ ಆಯಿಲ್ ಹೆಡ್‌ಸ್ಟಾಕ್‌ಗೆ ಬೇಡ. ಎಂಜಿನ್ ಆಯಿಲ್‌ನಲ್ಲಿ ಡಿಟರ್ಜೆಂಟ್ ಗುಣ ಇರುತ್ತದೆ, ಅಂದರೆ ಕೊಳೆಯನ್ನು ತಳಕ್ಕೆ ಇಳಿಯಲು ಬಿಡದೆ ತನ್ನೊಳಗೇ ತೇಲಿಸಿಕೊಂಡು ಓಡಾಡಿಸುತ್ತದೆ. ಎಂಜಿನ್‌ನಲ್ಲಿ ಆ ಕೊಳೆ ಹಿಡಿಯಲು ಫಿಲ್ಟರ್ ಇದೆ. ನಿಮ್ಮ ಲೇಥ್ ಹೆಡ್‌ಸ್ಟಾಕ್‌ನಲ್ಲಿ ಇರುವುದು ಹೆಚ್ಚೆಂದರೆ ಒಂದು ಒರಟು ಜಾಲರಿ. ಅಲ್ಲಿ ಕಬ್ಬಿಣದ ಪುಡಿ ತಳಕ್ಕೆ ಇಳಿದು ಕೂತರೇ ಒಳ್ಳೆಯದು.

ಲಾರಿ ಗೇರ್‌ಬಾಕ್ಸ್‌ಗೆ ಹಾಕುವ 90 ನಂಬರ್ ಗೇರ್ ಆಯಿಲ್ “ಗೇರ್ ಇದೆಯಲ್ಲ” ಎಂದು ಹಾಕುವವರಿದ್ದಾರೆ. ಅದು ತೀರಾ ಮಂದ, ಸ್ಪಿಂಡಲ್ ಬೇರಿಂಗ್‌ನಲ್ಲಿ ಕಡೆದು ಕಡೆದು ಬಿಸಿಯಾಗುತ್ತದೆ. ಅದರಲ್ಲಿನ ಕೆಲವು ಗಂಧಕದ ರಾಸಾಯನಿಕಗಳು ಬಿಸಿಯಲ್ಲಿ ಕಂಚಿನ ಭಾಗಗಳನ್ನು ತಿನ್ನುತ್ತವೆ. ಹೆಡ್‌ಸ್ಟಾಕ್‌ನಲ್ಲಿ ಕ್ಲಚ್ ಪ್ಲೇಟ್ ಇದ್ದರೆ ಅದೂ ಜಾರಲು ಶುರುವಾಗುತ್ತದೆ.

ಆಯಿಲ್ ನಿಪ್ಪಲ್‌ಗೆ ಗ್ರೀಸ್ ಹೊಡೆಯಬೇಡಿ. ಒಮ್ಮೆ ಹೊಡೆದ ಗ್ರೀಸ್ ಆಯಿಲ್ ದಾರಿಯಲ್ಲಿ ಕೂತು ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಆಯಿಲ್ ಒತ್ತಿದರೂ ಒಳಗೆ ಹೋಗದು, ಎಲ್ಲ ಬಿಚ್ಚಿ ತೊಳೆಯುವುದೊಂದೇ ದಾರಿ.

ಗ್ಯಾರೇಜಿನಿಂದ ತಂದ ಕಪ್ಪು ವೇಸ್ಟ್ ಆಯಿಲ್ ಬೆಡ್‌ಗೆ ಸುರಿಯುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಅದರಲ್ಲಿ ಮಸಿ, ಲೋಹದ ಪುಡಿ ಇರುತ್ತದೆ. ಬೆಡ್‌ಗೂ ಕೆಡುಕು, ದಿನವಿಡೀ ಕೈ ಅದ್ದಿಕೊಳ್ಳುವ ಹುಡುಗರ ಚರ್ಮಕ್ಕೂ ಕೆಡುಕು.

ಹಂತ 1: ಮೇನ್ ಆಫ್ ಮಾಡಿ, ಒರೆಸಿ, ತೂತುಗಳನ್ನು ಹುಡುಕಿ

ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ ಅಥವಾ ಬೀಗ ಹಾಕಿ. ತೋಳು ಮಡಚಿ, ಉಂಗುರ ತೆಗೆಯಿರಿ.

ಚಿಪ್ಸ್ ಅನ್ನು (ಕಟ್ ತೆಗೆದಾಗ ಬೀಳುವ ಲೋಹದ ಚೂರುಗಳನ್ನು) ಬ್ರಷ್‌ನಿಂದ ಟ್ರೇಗೆ ಗುಡಿಸಿ. ಏರ್ ಗನ್ ಹಿಡಿಯಬೇಡಿ. ಗಾಳಿ ಹೊಡೆದಾಗ ಬೆಡ್ ಚೊಕ್ಕವಾದಂತೆ ಕಾಣುತ್ತದೆ, ಆದರೆ ಸಣ್ಣ ಪುಡಿ ಸ್ಯಾಡಲ್ ಅಡಿಗೆ, ವೈಪರ್ (ಸ್ಯಾಡಲ್ ತುದಿಯ ಫೆಲ್ಟ್ ತುಂಡು) ಹಿಂದಕ್ಕೆ ನುಗ್ಗಿ ಕೂರುತ್ತದೆ. ಅಲ್ಲಿಂದ ಅದು ಹೊರಗೆ ಬರುವುದಿಲ್ಲ, ಬೆಡ್ ಮೇಲೆ ಗೀರು ಬಿಡುತ್ತಾ ಓಡಾಡುತ್ತದೆ.

ಈಗ ಟಾರ್ಚ್ ಹಿಡಿದು ಆಯಿಲ್ ಹೋಗುವ ಪ್ರತಿ ಜಾಗ ಹುಡುಕಿ. ಮಧ್ಯಮ ಗಾತ್ರದ ಲೇಥ್‌ನಲ್ಲಿ ಹದಿನೈದಿಪ್ಪತ್ತು ಸಿಗುವುದು ಸಾಮಾನ್ಯ. ಸ್ಯಾಡಲ್‌ನ ನಾಲ್ಕು ಮೂಲೆ, ಕ್ರಾಸ್ ಸ್ಲೈಡ್ ಮೇಲೆ, ಕಾಂಪೌಂಡ್ (ಕ್ರಾಸ್ ಸ್ಲೈಡ್ ಮೇಲಿನ ಚಿಕ್ಕ ಸ್ಲೈಡ್) ಮೇಲೆ, ಹ್ಯಾಂಡಲ್ ಬುಷ್‌ಗಳು, ಲೀಡ್ ಸ್ಕ್ರೂ (ಥ್ರೆಡ್ ತೆಗೆಯುವಾಗ ಸ್ಯಾಡಲ್ ಎಳೆಯುವ ಉದ್ದ ಸ್ಕ್ರೂ) ಬಲತುದಿಯ ಬ್ರಾಕೆಟ್, ಟೇಲ್‌ಸ್ಟಾಕ್ (ಬಲತುದಿಯಲ್ಲಿ ಸೆಂಟರ್ ಅಥವಾ ಡ್ರಿಲ್ ಹಿಡಿಯುವ ಭಾಗ), ಎಡಗಡೆ ಬಾಗಿಲ ಒಳಗಿನ ಗೇರ್‌ಗಳ ಪಿನ್. ಸಿಕ್ಕ ಪ್ರತಿ ಜಾಗಕ್ಕೂ ಕೆಂಪು ಬಣ್ಣದ ಒಂದು ಚುಕ್ಕೆ ಇಡಿ. ಹೊಸ ಹುಡುಗ ಬಂದರೂ ಕೇಳಬೇಕಿಲ್ಲ.

ನಮ್ಮೂರಿನಲ್ಲಿ ಈ ತೂತುಗಳು ಕಾಣದಿರಲು ಒಂದು ಖಾಸಾ ಕಾರಣವಿದೆ. ಆಯುಧ ಪೂಜೆಗೆ ಮೆಷಿನ್ ತೊಳೆದು ಬಣ್ಣ ಬಳಿಯುತ್ತೇವೆ. ಬ್ರಷ್ ಹಿಡಿದವನು ನಿಪ್ಪಲ್ ಮೇಲೂ ಒಂದು ಕೋಟ್ ಎಳೆದಿರುತ್ತಾನೆ. ಪ್ರತಿ ವರ್ಷ ಒಂದೊಂದು ಪದರ ಏರಿ, ಗುಂಡು ಅಲ್ಲಾಡದಂತೆ ಅಂಟಿಕೊಂಡಿರುತ್ತದೆ. ಬ್ಲೇಡ್ ತುದಿಯಿಂದ ಬಣ್ಣ ಕೆರೆದು, ಸಣ್ಣ ತಂತಿಯಿಂದ ಗುಂಡನ್ನು ಒತ್ತಿ ನೋಡಿ. ಒತ್ತಿದರೆ ಒಳಗೆ ಹೋಗಿ, ಬಿಟ್ಟರೆ ಟಕ್ ಎಂದು ಮೇಲೆ ಬರಬೇಕು. ಬರದ ನಿಪ್ಪಲ್ ಬದಲಿಸಿ. ಎಸ್.ಪಿ. ರಸ್ತೆಯಲ್ಲೋ ಪೀಣ್ಯದ ಹಾರ್ಡ್‌ವೇರ್ ಅಂಗಡಿಗಳಲ್ಲೋ ಅಳತೆಗೆ ತಕ್ಕಂತೆ ಸಿಗುತ್ತವೆ, ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ಮುಂದಿನ ಸಲ ಬಣ್ಣ ಬಳಿಯುವ ಮೊದಲು ನಿಪ್ಪಲ್‌ಗಳಿಗೆ ಸ್ವಲ್ಪ ಗ್ರೀಸ್ ಮೇಲೆ ಸವರಿಡಿ, ಬಣ್ಣ ಹಿಡಿಯುವುದಿಲ್ಲ, ಆಮೇಲೆ ಒರೆಸಿ ತೆಗೆಯಬಹುದು. ಅರಿಶಿನ ಕುಂಕುಮ ಹೆಡ್‌ಸ್ಟಾಕ್ ಮುಚ್ಚಳದ ಮೇಲೆ ಇಡಿ, ನಿಂಬೆಹಣ್ಣನ್ನೂ ಬೆಡ್ ಮೇಲೆ ಇಡಬೇಡಿ. ಹುಳಿ ರಸ ಬಿದ್ದ ಕಡೆ ಎರಡು ದಿನದ ರಜೆಯಲ್ಲಿ ತುಕ್ಕು ಏಳುತ್ತದೆ.

ಹಂತ 2: ಹೆಡ್‌ಸ್ಟಾಕ್‌ನ ಮಟ್ಟ, ಮತ್ತು ಹರಿವು

ಇದೇ ಎಲ್ಲಕ್ಕಿಂತ ಮುಖ್ಯ ಹಂತ.

ಹೆಡ್‌ಸ್ಟಾಕ್‌ನಲ್ಲಿ ಎರಡು ಗಾಜಿನ ಕಣ್ಣು ಇರಬಹುದು. ಕೆಳಗಿನದು ಮಟ್ಟ ತೋರಿಸುತ್ತದೆ, ಮೇಲಿನದು ಪಂಪ್ ಆಯಿಲ್ ಎತ್ತುತ್ತಿದೆಯೇ ಎಂದು ತೋರಿಸುತ್ತದೆ. ಪಂಪ್ ಇಲ್ಲದ ಚಿಕ್ಕ ಲೇಥ್‌ಗಳಲ್ಲಿ ಗೇರ್‌ಗಳೇ ಆಯಿಲ್‌ನಲ್ಲಿ ಮುಳುಗಿ ಎರಚಾಡುತ್ತವೆ, ಅಲ್ಲಿ ಮಟ್ಟದ ಗಾಜು ಮಾತ್ರ.

ಕೆಳಗಿನ ಗಾಜು ಸುಳ್ಳು ಹೇಳುತ್ತದೆ. ಹತ್ತಿಪ್ಪತ್ತು ವರ್ಷ ಒಂದೇ ಮಟ್ಟದಲ್ಲಿ ಆಯಿಲ್ ನಿಂತ ಗಾಜಿನ ಒಳಮೈಗೆ ಕಂದು ಕಲೆ ಹಿಡಿದಿರುತ್ತದೆ. ಅರ್ಧ ಗಾಜು ಕಂದು, ಅರ್ಧ ತಿಳಿ. ನೋಡಿದವರಿಗೆ ಆಯಿಲ್ ಸರಿಯಾಗಿ ಅರ್ಧಕ್ಕಿದೆ ಅನಿಸುತ್ತದೆ. ನಾನು ಕಂಡ ಒಂದು ಶೆಡ್‌ನಲ್ಲಿ ಹುಡುಗ ದಿನಾ ಬೆಳಗ್ಗೆ ತಪ್ಪದೆ ಈ ಗಾಜು ನೋಡುತ್ತಿದ್ದ, ದಿನಾ “ಆಯಿಲ್ ಇದೆ” ಎನ್ನುತ್ತಿದ್ದ. ಸ್ಪಿಂಡಲ್ ಮುಂದಿನ ಬೇರಿಂಗ್ ಕೂಗಿದ ದಿನ ಡ್ರೈನ್ ಬಿಚ್ಚಿದರೆ ಒಂದು ಲೋಟದಷ್ಟೂ ಬರಲಿಲ್ಲ.

ಪರೀಕ್ಷಿಸುವುದು ಸುಲಭ. ಮೆಷಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಮಟ್ಟ ನೋಡಿ, ಮಾರ್ಕರ್‌ನಿಂದ ಗೆರೆ ಹಾಕಿ. ಆಮೇಲೆ ಓಡಿಸಿ ನೋಡಿ. ಆಯಿಲ್ ಮೇಲಕ್ಕೆ ಹೋಗಿ ಹರಡಿದಾಗ ಕೆಳಗಿನ ಮಟ್ಟ ಇಳಿಯಬೇಕು ಅಥವಾ ಕನಿಷ್ಠ ಅಲ್ಲಾಡಬೇಕು. ಮಟ್ಟ ಆ ಗೆರೆಯಲ್ಲೇ ಕಲ್ಲಿನಂತೆ ನಿಂತಿದ್ದರೆ ಅದು ಕಲೆ. ಗಾಜು ಬಿಚ್ಚಿ ತೊಳೆಯಿರಿ, ಮಂಜಾಗಿದ್ದರೆ ಹೊಸದು ಹಾಕಿ.

ಮಟ್ಟ ಗಾಜಿನ ಮಧ್ಯಕ್ಕೆ ಅಥವಾ ಕೆಂಪು ಗೆರೆಗೆ ಇರಲಿ. ಕಂಠಪೂರ್ತಿ ತುಂಬಿದರೆ ಒಳ್ಳೆಯದಾಗುತ್ತದೆ ಎಂಬುದು ತಪ್ಪು ಲೆಕ್ಕ. ಹೆಚ್ಚಾದ ಆಯಿಲ್ ಅನ್ನು ಗೇರ್‌ಗಳು ಮಜ್ಜಿಗೆ ಕಡೆದಂತೆ ಕಡೆಯುತ್ತವೆ, ನೊರೆ ಏಳುತ್ತದೆ, ಬಿಸಿಯಾಗುತ್ತದೆ, ಚಕ್ (ಕೆಲಸದ ತುಂಡನ್ನು ಹಿಡಿಯುವ ಭಾಗ) ಹಿಂದಿನಿಂದ ಸೋರಿ ಶರ್ಟ್ ಮೇಲೆ ಗೆರೆ ಬರೆಯುತ್ತದೆ.

ಈಗ ಮೇಲಿನ ಗಾಜು. ಮೋಟರ್ ಶುರುವಾದ ಅರ್ಧ ನಿಮಿಷದೊಳಗೆ ಅಲ್ಲಿ ಆಯಿಲ್ ತೊಟ್ಟಿಕ್ಕುವುದೋ ಗಾಜಿಗೆ ಚಿಮ್ಮುವುದೋ ಕಾಣಬೇಕು. ಕಾಣದಿದ್ದರೆ ಮೆಷಿನ್ ನಿಲ್ಲಿಸಿ. “ಆಮೇಲೆ ಬರುತ್ತೆ” ಎಂದು ಓಡಿಸಬೇಡಿ. ಕಾರಣ ಸಾಮಾನ್ಯವಾಗಿ ಇವುಗಳಲ್ಲಿ ಒಂದು: ಮಟ್ಟ ಕಡಿಮೆ, ಜಾಲರಿ ಕಟ್ಟಿದೆ, ಹೀರುವ ಪೈಪಿನ ಜಾಯಿಂಟ್‌ನಲ್ಲಿ ಗಾಳಿ ಎಳೆಯುತ್ತಿದೆ, ಪಂಪ್ ಬೆಲ್ಟ್ ಅಥವಾ ಪಿನ್ ಹೋಗಿದೆ.

ಇನ್ನೊಂದು ಕಾರಣವನ್ನು ಶೆಡ್ ಬದಲಿಸಿದವರು ವಿಶೇಷವಾಗಿ ಗಮನಿಸಿ. ಹೊಸ ಜಾಗದಲ್ಲಿ ವೈರಿಂಗ್ ಮಾಡುವಾಗ ಎರಡು ಫೇಸ್ ಅದಲುಬದಲಾದರೆ ಮೋಟರ್ ಉಲ್ಟಾ ತಿರುಗುತ್ತದೆ. ಕ್ಲಚ್ ಲಿವರ್ ಇರುವ ಲೇಥ್‌ನಲ್ಲಿ ಇದು ತಕ್ಷಣ ತಿಳಿಯದು, ಆಪರೇಟರ್ ಲಿವರ್ ಅನ್ನು ಇನ್ನೊಂದು ಕಡೆಗೆ ಎಳೆದು “ಈ ಮೆಷಿನ್ ಹೀಗೇ” ಎಂದುಕೊಂಡು ಕೆಲಸ ಮುಂದುವರಿಸುತ್ತಾನೆ. ಸ್ಪಿಂಡಲ್ ಸರಿಯಾಗಿಯೇ ತಿರುಗುತ್ತದೆ. ಆದರೆ ಮೋಟರ್ ಕಡೆಯಿಂದ ಓಡುವ ಗೇರ್ ಪಂಪ್ ಉಲ್ಟಾ ತಿರುಗಿ ಒಂದು ತೊಟ್ಟೂ ಎತ್ತುವುದಿಲ್ಲ. ಮೋಟರ್ ಪುಲ್ಲಿ ಮೇಲೆ ಬಾಣದ ಗುರುತು ನೋಡಿ, ಎಲೆಕ್ಟ್ರಿಷಿಯನ್ ಕರೆದು ಎರಡು ಫೇಸ್ ಬದಲಿಸಿ.

ಅರ್ಧ ಗಂಟೆ ಓಡಿದ ಮೇಲೆ ಮುಂದಿನ ಬೇರಿಂಗ್ ಹತ್ತಿರ ಹೆಡ್‌ಸ್ಟಾಕ್‌ನ ಹೊರಮೈ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಸರಿ. ಐದಾರು ಸೆಕೆಂಡ್ ಇಡಲಾಗದಿದ್ದರೆ 60 ಡಿಗ್ರಿ ಹತ್ತಿರ ಬಂದಿದೆ ಎಂದು ತಿಳಿಯಿರಿ. ಆಯಿಲ್ ತೀರಾ ಮಂದವೇ, ಮಟ್ಟ ಹೆಚ್ಚೇ, ಬೇರಿಂಗ್ ಬಿಗಿಯೇ, ಇದೇ ಕ್ರಮದಲ್ಲಿ ನೋಡಿ.

ಹಂತ 3: ಹೆಡ್‌ಸ್ಟಾಕ್ ಆಯಿಲ್ ಬದಲಿಸುವುದು

ಸೆಕೆಂಡ್ ಹ್ಯಾಂಡ್ ಮೆಷಿನ್ ತಂದಿದ್ದರೆ ಹಿಂದಿನವರು ಏನು ಹಾಕಿದ್ದರೆಂದು ವಿಚಾರಿಸುತ್ತಾ ಕೂರದೆ ತಕ್ಷಣ ಬದಲಿಸಿ. ಆಮೇಲೆ ಒಂದು ಶಿಫ್ಟ್ ಓಡಿಸುವವರಿಗೆ ವರ್ಷಕ್ಕೊಮ್ಮೆ, ಎರಡು ಶಿಫ್ಟ್ ಆದರೆ ಆರು ತಿಂಗಳಿಗೊಮ್ಮೆ ಎಂಬುದು ನಾನು ಪಾಲಿಸುವ ಲೆಕ್ಕ. ಹೊಸ ಗೇರ್, ಹೊಸ ಬೇರಿಂಗ್ ಹಾಕಿದ್ದರೆ ಮೊದಲ ಬದಲಾವಣೆ ತಿಂಗಳೊಳಗೇ ಆಗಲಿ.

ಮೆಷಿನ್ ಇಪ್ಪತ್ತು ನಿಮಿಷ ಓಡಿಸಿ. ಬೆಚ್ಚಗಾದ ಆಯಿಲ್ ಕೊಳೆಯನ್ನು ಜೊತೆಗೆ ಎಳೆದುಕೊಂಡು ಇಳಿಯುತ್ತದೆ. ಮೇನ್ ಆಫ್ ಮಾಡಿ ಡ್ರೈನ್ ಬಿಚ್ಚಿ, ಟೀ ಕುಡಿದು ಬರುವಷ್ಟು ಹೊತ್ತು ಪೂರ್ತಿ ಇಳಿಯಲು ಬಿಡಿ.

ಇಳಿದ ಆಯಿಲ್ ಅನ್ನು ಸುಮ್ಮನೆ ಡ್ರಮ್‌ಗೆ ಸುರಿಯಬೇಡಿ, ಓದಿ. ಬಿಳಿ ಟ್ರೇನಲ್ಲಿ ಹಿಡಿದರೆ ಚೆನ್ನಾಗಿ ಕಾಣುತ್ತದೆ. ಬೆರಳಿಗೆ ನುಣ್ಣನೆ ಬೂದು ಕೆಸರು ಸಿಕ್ಕರೆ ಅದು ಗೇರ್ ಸವೆತದ ಮಾಮೂಲಿ ಪುಡಿ. ಬೆಳಕಿಗೆ ಮಿಂಚುವ ಚಪ್ಪಟೆ ಹೊಟ್ಟು ಸಿಕ್ಕರೆ ಬೇರಿಂಗ್ ಪದರ ಏಳುತ್ತಿದೆ. ಚಿನ್ನದ ಬಣ್ಣದ ಪುಡಿ ಕಂಡರೆ ಕಂಚಿನ ಬುಷ್ ಅಥವಾ ಫೋರ್ಕ್ ಸವೆಯುತ್ತಿದೆ, ಅದು ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. ಹಾಲು ಬೆರೆಸಿದ ಕಾಫಿಯಂತಿದ್ದರೆ ಒಳಗೆ ಕೂಲಂಟ್ ನೀರು ಹೋಗಿದೆ, ಎಲ್ಲಿಂದ ಎಂದು ಹುಡುಕುವವರೆಗೆ ಹೊಸ ಆಯಿಲ್ ಹಾಕಿ ಉಪಯೋಗವಿಲ್ಲ.

ಮೇಲಿನ ಮುಚ್ಚಳ ತೆಗೆದು ತಳವನ್ನು ಬನಿಯನ್ ಬಟ್ಟೆಯಿಂದ ಒರೆಸಿ, ಮೂಲೆಗಳಲ್ಲಿ ಮ್ಯಾಗ್ನೆಟ್ ಆಡಿಸಿ. ಜಾಲರಿ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಬಿಚ್ಚಿದ ಜಾಲರಿಯನ್ನು ಸೀಮೆಎಣ್ಣೆಯಲ್ಲಿ ತೊಳೆಯಬಹುದು, ಹೆಡ್‌ಸ್ಟಾಕ್ ಒಳಗೆ ಸೀಮೆಎಣ್ಣೆ ಸುರಿದು ಮೆಷಿನ್ ಓಡಿಸುವುದು ಮಾತ್ರ ಬೇಡವೇ ಬೇಡ. ಬೇರಿಂಗ್ ಮೇಲಿನ ಆಯಿಲ್ ಪೊರೆ ತೊಳೆದುಹೋಗಿ ಒಣಗಿ ಓಡುತ್ತದೆ, ಗುಂಡಿಗಳಲ್ಲಿ ನಿಂತ ಸೀಮೆಎಣ್ಣೆ ಹೊಸ ಆಯಿಲ್ ಅನ್ನೂ ತೆಳು ಮಾಡುತ್ತದೆ. ಒಳಗೆ ತೊಳೆಯಲೇಬೇಕಿದ್ದರೆ ಹಾಕುವ ಆಯಿಲ್ ಅನ್ನೇ ಸ್ವಲ್ಪ ಸುರಿದು, ಹತ್ತು ನಿಮಿಷ ನಿಧಾನವಾಗಿ ಓಡಿಸಿ, ಇಳಿಸಿಬಿಡಿ. ಪೆಟ್ರೋಲ್ ಹತ್ತಿರಕ್ಕೂ ತರಬೇಡಿ.

ಸ್ಪಿಂಡಲ್ ಮುಂಭಾಗದ ಕವರ್ ಕೆಳಗೆ ಸಣ್ಣ ವಾಪಸಾತಿ ತೂತು ಇರುತ್ತದೆ. ಬೇರಿಂಗ್‌ಗೆ ಬಂದ ಆಯಿಲ್ ಅಲ್ಲಿಂದಲೇ ಒಳಗೆ ಇಳಿಯಬೇಕು. ಚಕ್ ಹಿಂದಿನಿಂದ ಸೋರುತ್ತಿದೆ ಎಂದು ಸೀಲ್ ಬದಲಿಸುವವರು ಮೊದಲು ಈ ತೂತಿಗೆ ತಂತಿ ಹಾಕಿ ನೋಡಲಿ.

ಹೊಸ ಆಯಿಲ್ ಅನ್ನು ಜಾಲರಿ ಇರುವ ಫನಲ್‌ನಲ್ಲೇ ಹಾಕಿ. ಮೊದಲು ಅರ್ಧ ಗಾಜಿಗೆ ತುಂಬಿ, ಎರಡು ನಿಮಿಷ ಓಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಕಡಿಮೆಯಾದಷ್ಟು ಸೇರಿಸಿ.

ಹಂತ 4: ನಾರ್ಟನ್ ಗೇರ್‌ಬಾಕ್ಸ್, ಎಡಬದಿಯ ಗೇರ್‌ಗಳು

ಥ್ರೆಡ್ ಮತ್ತು ಫೀಡ್ ಆಯ್ಕೆ ಮಾಡುವ ಲಿವರ್‌ಗಳ ಪೆಟ್ಟಿಗೆಯೇ ನಾರ್ಟನ್ ಗೇರ್‌ಬಾಕ್ಸ್. ಕೆಲವು ಮೆಷಿನ್‌ಗಳಲ್ಲಿ ಇದಕ್ಕೆ ಸ್ವಂತ ಆಯಿಲ್ ಮಟ್ಟ ಇರುತ್ತದೆ. ಹಳೆಯವುಗಳಲ್ಲಿ ಮೇಲೊಂದು ಆಯಿಲ್ ತೊಟ್ಟಿ, ಅದರಿಂದ ಬುಷ್‌ಗಳಿಗೆ ಇಳಿಯುವ ಉಣ್ಣೆಯ ಬತ್ತಿ. ದೀಪದ ಬತ್ತಿ ಎಣ್ಣೆ ಹೀರುವಂತೆ ಇದೂ ಹೀರಿ ತೊಟ್ಟಿಕ್ಕಿಸುತ್ತದೆ. ಮುಚ್ಚಳ ತೆಗೆದು ತೊಟ್ಟಿಯಲ್ಲಿ ಚಿಪ್ಸ್ ಇದ್ದರೆ ತೆಗೆಯಿರಿ, ಕಪ್ಪಾಗಿ ಗಟ್ಟಿಯಾದ ಬತ್ತಿ ಎಸೆದು ಶುದ್ಧ ಉಣ್ಣೆ ನೂಲಿನ ಹೊಸ ಬತ್ತಿ ಹಾಕಿ. ನೈಲಾನ್ ನೂಲು ಸರಿಯಾಗಿ ಹೀರುವುದಿಲ್ಲ.

ಎಡಬದಿ ಬಾಗಿಲೊಳಗಿನ ಗೇರ್‌ಗಳ ಹಲ್ಲುಗಳಿಗೆ ತೆಳುವಾಗಿ ಗ್ರೀಸ್ ಸಾಕು. ಅವುಗಳ ಮಧ್ಯದ ಪಿನ್‌ಗೆ ಆಯಿಲ್ ಬೇಕು, ಇದನ್ನೇ ಎಲ್ಲರೂ ಮರೆಯುವುದು. ಮೇನ್ ಆಫ್ ಇಲ್ಲದೆ ಈ ಬಾಗಿಲು ತೆರೆಯಬೇಡಿ.

ಹಂತ 5: ಏಪ್ರನ್

ಸ್ಯಾಡಲ್ ಮುಂದೆ ಇಳಿಬಿದ್ದ, ಹ್ಯಾಂಡ್ ವೀಲ್ ಇರುವ ಪೆಟ್ಟಿಗೆ ಏಪ್ರನ್. ಕೂಲಂಟ್ ನೇರವಾಗಿ ಇದರ ಮೇಲೇ ಸುರಿಯುವುದರಿಂದ ಮೆಷಿನ್‌ನಲ್ಲಿ ಅತಿ ಬೇಗ ಕೆಡುವ ಆಯಿಲ್ ಇಲ್ಲಿನದು.

ಭಾನುವಾರ ರಜೆ ಕಳೆದು ಸೋಮವಾರ ಬೆಳಗ್ಗೆ, ಮೆಷಿನ್ ಓಡಿಸುವ ಮೊದಲು, ಏಪ್ರನ್ ಕೆಳಗಿನ ಡ್ರೈನ್ ಪ್ಲಗ್ ಅನ್ನು ಒಂದೂವರೆ ಸುತ್ತು ಮಾತ್ರ ಸಡಿಲಿಸಿ, ಕೆಳಗೊಂದು ಪ್ಲಾಸ್ಟಿಕ್ ಲೋಟ ಹಿಡಿಯಿರಿ. ನೀರು ಆಯಿಲ್‌ಗಿಂತ ಭಾರ, ರಜೆಯಲ್ಲಿ ತಳಕ್ಕೆ ಇಳಿದಿರುತ್ತದೆ. ಮೊದಲು ಬೂದು ನೀರು ಬಂದು, ಆಮೇಲೆ ಆಯಿಲ್ ಎಳೆ ಬಂದರೆ ಪ್ಲಗ್ ಬಿಗಿಮಾಡಿ, ಕಡಿಮೆಯಾದಷ್ಟು ತುಂಬಿ. ಲೋಟದ ತುಂಬ ನೀರೇ ಬಂದರೆ ಪೂರ್ತಿ ಬದಲಿಸಿ. ಬದಲಿಸಿದ ಆಯಿಲ್ ವೇ ಆಯಿಲ್ ಆಗಿರಲಿ, ಏಕೆಂದರೆ ಹಲವು ಲೇಥ್‌ಗಳಲ್ಲಿ ಏಪ್ರನ್‌ನಿಂದಲೇ ಬೆಡ್‌ಗೆ ಆಯಿಲ್ ಹೋಗುತ್ತದೆ.

ಏಪ್ರನ್ ಮೇಲೆ ಒತ್ತುವ ಅಥವಾ ಎಳೆಯುವ ಗುಂಡಿ ಇದ್ದರೆ ಅದು ಕೈ ಪಂಪ್. ಬೆಳಗ್ಗೆ ಒಮ್ಮೆ, ಊಟದ ನಂತರ ಒಮ್ಮೆ, ಎರಡು ಮೂರು ಸಲ ಒತ್ತಿ. ಒತ್ತಿದ ಮೇಲೆ ಸ್ಯಾಡಲ್ ಅನ್ನು ಒಂದಡಿ ಸರಿಸಿ, ಅದು ಬಿಟ್ಟು ಹೋದ ಬೆಡ್ ಮೇಲೆ ಬೆರಳೆಳೆದು ನೋಡಿ. ಮುಂದಿನ ವಿ ಮೇಲೂ ಹಿಂದಿನ ಚಪ್ಪಟೆ ಪಟ್ಟಿ ಮೇಲೂ ಒದ್ದೆ ಪೊರೆ ಇರಬೇಕು. ಮುಂದೆ ಇದ್ದು ಹಿಂದೆ ಒಣಗಿದ್ದರೆ ಹಿಂದಿನ ದಾರಿ ಕಟ್ಟಿದೆ. ಗುಂಡಿ ತೀರಾ ಸಲೀಸಾಗಿ ಒಳಗೆ ಹೋದರೆ ಪಂಪ್ ಗಾಳಿ ಒತ್ತುತ್ತಿದೆ, ಕಲ್ಲಿನಂತೆ ಗಟ್ಟಿಯಾಗಿದ್ದರೆ ಎಲ್ಲ ದಾರಿಯೂ ಕಟ್ಟಿದೆ.

ಹಂತ 6: ಬೆಡ್, ಕ್ರಾಸ್ ಸ್ಲೈಡ್, ವೈಪರ್

ಕ್ರಾಸ್ ಸ್ಲೈಡ್ ಅನ್ನು ಪೂರ್ತಿ ಹಿಂದಕ್ಕೆ ಒಯ್ದು ಬಯಲಾದ ಸ್ಕ್ರೂ ಒರೆಸಿ ಆಯಿಲ್ ಹಾಕಿ, ಪೂರ್ತಿ ಮುಂದಕ್ಕೆ ತಂದು ಮತ್ತೆ ಹಾಕಿ. ಇದ್ದಲ್ಲೇ ನಾಲ್ಕು ಹನಿ ಬಿಟ್ಟರೆ ದಿನವೂ ಓಡಾಡುವ ಮಧ್ಯದ ಮೂರಿಂಚು ಮಾತ್ರ ಒದ್ದೆಯಾಗುತ್ತದೆ. ಲೀಡ್ ಸ್ಕ್ರೂವನ್ನು ನಿಲ್ಲಿಸಿ, ಬ್ರಷ್‌ನಿಂದ ಥ್ರೆಡ್ ಚೊಕ್ಕ ಮಾಡಿ, ತೆಳುವಾಗಿ ಆಯಿಲ್ ಹಚ್ಚಿ. ತಿರುಗುವ ಸ್ಕ್ರೂಗೆ ಬಟ್ಟೆ ಸುತ್ತಿ ಒರೆಸುವುದನ್ನು ಯಾರಾದರೂ ಮಾಡುತ್ತಿದ್ದರೆ ಗದರಿಯಾದರೂ ನಿಲ್ಲಿಸಿ. ಬಟ್ಟೆ ಹಿಡಿದರೆ ಬೆರಳನ್ನೂ ಜೊತೆಗೆ ಎಳೆಯುತ್ತದೆ.

ಸ್ಯಾಡಲ್‌ನ ನಾಲ್ಕು ತುದಿಯಲ್ಲಿ ತಗಡಿನ ಹಿಂದೆ ಕೂತಿರುವ ಫೆಲ್ಟ್ ತುಂಡುಗಳೇ ವೈಪರ್. ಬೆಡ್ ಮೇಲಿನ ಪುಡಿ ಒಳಗೆ ಹೋಗದಂತೆ ಒರೆಸುವುದು ಅವುಗಳ ಕೆಲಸ. ಮೂರು ತಿಂಗಳಿಗೊಮ್ಮೆ ಬಿಚ್ಚಿ. ಬೆರಳಿನಿಂದ ಒತ್ತಿದಾಗ ಮೆತ್ತಗಿರಬೇಕು. ಚಿಪ್ಸ್ ಚುಚ್ಚಿಕೊಂಡು ಗಟ್ಟಿಯಾದ ವೈಪರ್ ಅರದಂತೆ ಬೆಡ್ ಉಜ್ಜುತ್ತದೆ, ಇಲ್ಲದಿದ್ದರೇ ವಾಸಿ. ಸೀಮೆಎಣ್ಣೆಯಲ್ಲಿ ತೊಳೆದು, ಹಿಂಡಿ, ಒಂದು ರಾತ್ರಿ ವೇ ಆಯಿಲ್‌ನಲ್ಲಿ ನೆನೆಸಿ ಹಾಕಿ. ಸರಿಯಾಗದಿದ್ದರೆ ಫೆಲ್ಟ್ ಹಾಳೆ ತಂದು ಹಳೆಯದರ ಅಳತೆಗೆ ಕತ್ತರಿಸಿ.

ಬೀಡು (ಎರಕದ ಕಬ್ಬಿಣ) ತಿರುಗಿಸಿದ ದಿನ ಬೆಡ್‌ಗೆ ಹೆಚ್ಚು ಗಮನ ಬೇಕು. ಬೀಡಿನ ಪುಡಿ ಆಯಿಲ್ ಜೊತೆ ಸೇರಿ ಉಜ್ಜುವ ಪೇಸ್ಟ್ ಆಗುತ್ತದೆ. ಎಮರಿ ಪೇಪರ್ ಹಿಡಿದಾಗಲೂ ಹಾಗೇ. ಮೊದಲೇ ಬೆಡ್ ಮೇಲೆ ಹಳೆ ನ್ಯೂಸ್ ಪೇಪರ್ ಹಾಸಿ, ಕೆಲಸ ಮುಗಿದ ಮೇಲೆ ಪುಡಿ ಸಮೇತ ಮಡಚಿ ತೆಗೆಯಿರಿ. ಬೆಡ್ ಒರೆಸಿ ಹೊಸ ಆಯಿಲ್ ಹಚ್ಚಿದ ನಂತರವೇ ಸ್ಯಾಡಲ್ ಸರಿಸಿ. ಮಳೆಗಾಲದಲ್ಲಿ ಶನಿವಾರ ಸಂಜೆ ಬೆಡ್ ಅನ್ನು ಒಣಗಿಸಿ ಬಿಟ್ಟು ಹೋಗಬೇಡಿ, ತೆಳು ಪೊರೆ ಇರಲಿ.

ಹಂತ 7: ಟೇಲ್‌ಸ್ಟಾಕ್, ಚಕ್

ಟೇಲ್‌ಸ್ಟಾಕ್‌ನ ಸ್ಲೀವ್ ಹೊರಗೆ ತಂದು ಹೊರಮೈಗೆ ಆಯಿಲ್. ಒಳಗಿನ ಮೋರ್ಸ್ ಟೇಪರ್‌ಗೆ (ಡ್ರಿಲ್ ಕೂರುವ, ಒಳಗೆ ಕಿರಿದಾಗುತ್ತಾ ಹೋಗುವ ತೂತಿಗೆ) ಮಾತ್ರ ಬೇಡ, ಅದು ಒಣಗಿದ್ದರೇ ಡ್ರಿಲ್ ಹಿಡಿದು ನಿಲ್ಲುವುದು. ತಿರುಗದ ಡೆಡ್ ಸೆಂಟರ್ ಬಳಸಿದರೆ ಅದರ ತುದಿಗೆ ಗ್ರೀಸ್. ಚಕ್ ಅನ್ನು ಆರು ತಿಂಗಳಿಗೊಮ್ಮೆ ಬಿಚ್ಚಿ ತೊಳೆದು ತೆಳುವಾಗಿ ಗ್ರೀಸ್ ಸವರಿ. ಹೆಚ್ಚು ಹಾಕಿದರೆ ಚಿಪ್ಸ್ ಅಂಟಿಕೊಂಡು ಜಾ (ತುಂಡನ್ನು ಕಚ್ಚಿ ಹಿಡಿಯುವ ಚಕ್‌ನ ದವಡೆ) ಸಿಕ್ಕಿಕೊಳ್ಳುತ್ತದೆ.

ಸಿಎನ್‌ಸಿ ಇಟ್ಟುಕೊಂಡವರಿಗೆ

ಸಿಎನ್‌ಸಿ ಟರ್ನಿಂಗ್ ಸೆಂಟರ್‌ನಲ್ಲಿ ಒಂದು ಚಿಕ್ಕ ಪಂಪ್ ಟೈಮರ್ ಪ್ರಕಾರ ಓಡಿ, ಒಂದೇ ಟ್ಯಾಂಕ್‌ನಿಂದ ಎಲ್ಲ ಸ್ಲೈಡ್‌ಗಳಿಗೆ, ಅವನ್ನು ಓಡಿಸುವ ಬಾಲ್ ಸ್ಕ್ರೂಗಳಿಗೆ ಅಳತೆಯ ಆಯಿಲ್ ಕಳಿಸುತ್ತದೆ. ಹೆಚ್ಚಾಗಿ ವಿಜಿ 68 ವೇ ಆಯಿಲ್. ಗ್ರೀಸ್‌ನಲ್ಲಿ ಓಡುವ ಮೆಷಿನ್‌ಗಳೂ ಇವೆ, ಮ್ಯಾನ್ಯುಯಲ್ ನೋಡದೆ ತುಂಬಬೇಡಿ.

ಇಲ್ಲಿ ಎಲ್ಲರೂ ಟ್ಯಾಂಕ್ ಖಾಲಿಯಾಗುವುದಕ್ಕೆ ಹೆದರುತ್ತಾರೆ. ನನಗೆ ಖಾಲಿಯಾಗದ ಟ್ಯಾಂಕ್ ಕಂಡರೆ ಹೆಚ್ಚು ಭಯ. ಟ್ಯಾಂಕ್ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಒಂದು ವಾರ ಓಡಿದರೂ ಮಟ್ಟ ಅಲ್ಲೇ ಇದ್ದರೆ ಆಯಿಲ್ ಎಲ್ಲಿಗೂ ಹೋಗುತ್ತಿಲ್ಲ. ಹೀರುವ ಜಾಲರಿ, ಲೈನ್ ಫಿಲ್ಟರ್ ನೋಡಿ, ಪಂಪ್ ಅನ್ನು ಕೈಯಿಂದ ಓಡಿಸಿ ಗೇಜ್ ಏರುತ್ತದೆಯೇ ಗಮನಿಸಿ. ಮಟ್ಟ ಇದ್ದಕ್ಕಿದ್ದಂತೆ ಬೇಗ ಇಳಿದರೆ ಒಳಗೆಲ್ಲೋ ನೈಲಾನ್ ಟ್ಯೂಬ್ ತುಂಡಾಗಿದೆ. ಆಗ ಒಂದು ಸ್ಲೈಡ್ ಒಣಗುತ್ತದೆ, ಆಯಿಲ್ ಎಲ್ಲ ಕೂಲಂಟ್ ಟ್ಯಾಂಕ್ ಸೇರುತ್ತದೆ. ಕೂಲಂಟ್ ಮೇಲೆ ತೇಲುವ ಈ ಆಯಿಲ್‌ಗೆ ಟ್ರ್ಯಾಂಪ್ ಆಯಿಲ್ ಎನ್ನುತ್ತಾರೆ. ಅದು ಗಾಳಿ ತಡೆದು ಕೆಳಗೆ ಬ್ಯಾಕ್ಟೀರಿಯಾ ಬೆಳೆಸುತ್ತದೆ. ಸೋಮವಾರ ಶಟರ್ ಎತ್ತಿದಾಗ ಬರುವ ಕೊಳೆತ ಮೊಟ್ಟೆಯ ವಾಸನೆ ಅದರದ್ದೇ.

ಲ್ಯೂಬ್ ಅಲಾರಂ ಪದೇ ಪದೇ ಬರುತ್ತದೆಂದು ಸ್ವಿಚ್‌ನ ಎರಡು ವೈರ್ ಸೇರಿಸಿ ಬೈಪಾಸ್ ಮಾಡುವುದನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ಬಾಲ್ ಸ್ಕ್ರೂ ಒಣಗಿ ಓಡುತ್ತಿದೆ ಎಂದು ಹೇಳಲು ಆ ಮೆಷಿನ್‌ಗೆ ಇರುವುದು ಅದೊಂದೇ ಬಾಯಿ.

ಬರೆದಿಡಿ, ಹಳೆ ಆಯಿಲ್ ಸರಿಯಾಗಿ ವಿಲೇವಾರಿ ಮಾಡಿ

ಮೆಷಿನ್ ಪಕ್ಕದ ಗೋಡೆಗೆ ಒಂದು ನೋಟ್‌ಬುಕ್ ತೂಗುಹಾಕಿ. ತಾರೀಖು, ಯಾವ ಜಾಗ, ಯಾವ ಆಯಿಲ್, ಎಷ್ಟು, ಹಳೆಯದರಲ್ಲಿ ಏನು ಕಂಡಿತು, ಇಷ್ಟೇ. ತಿಂಗಳಿಗೆ ಅರ್ಧ ಲೀಟರ್ ಕುಡಿಯುತ್ತಿದ್ದ ಹೆಡ್‌ಸ್ಟಾಕ್ ಒಂದೂವರೆ ಲೀಟರ್ ಕುಡಿದಾಗ ಆ ಪುಟವೇ ಮೊದಲು ಹೇಳುತ್ತದೆ.

ಬಳಸಿದ ಆಯಿಲ್ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಬಳಕೆದಾರರಿಗೇ ಕೊಡಬೇಕು, ರಸೀದಿ ಇಟ್ಟುಕೊಳ್ಳಬೇಕು. ಪೀಣ್ಯದ ಮೋರಿಗೆ ಸುರಿದದ್ದು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ ಹೋಗುತ್ತದೆ. ಆ ನೀರಿನಲ್ಲಿ ತರಕಾರಿ ಬೆಳೆಯುವವರಿದ್ದಾರೆ. ಹಳೆ ಆಯಿಲ್‌ಗೆಂದೇ ಒಂದು ಮುಚ್ಚಳದ ಡ್ರಮ್ ಇಡಿ, ಮಳೆ ನೀರು ಬೀಳದ ಜಾಗದಲ್ಲಿ. ಕೂಲಂಟ್, ಥಿನ್ನರ್, ಸೀಮೆಎಣ್ಣೆ ಅದಕ್ಕೆ ಬೆರೆಸಬೇಡಿ, ಬೆರೆಸಿದರೆ ಮರುಬಳಕೆದಾರರು ಮುಟ್ಟುವುದಿಲ್ಲ. ಡ್ರಮ್ ಮೇಲೆ ‘ಬಳಸಿದ ಆಯಿಲ್’ ಎಂದು ಕನ್ನಡದಲ್ಲೂ ಹಿಂದಿಯಲ್ಲೂ ದೊಡ್ಡದಾಗಿ ಬರೆಯಿರಿ. ಶೆಡ್‌ನಲ್ಲಿ ಈಗ ಎರಡೂ ಓದುವವರಿದ್ದಾರೆ, ಅದನ್ನು ಹೊಸ ಆಯಿಲ್ ಎಂದುಕೊಂಡು ಯಾರೂ ಕ್ಯಾನ್‌ಗೆ ತುಂಬಿಕೊಳ್ಳಬಾರದು.